ಬಲದಿಂದ ಎಡಕ್ಕೆ ಓದುತ್ತಿದ್ದ ಗೈಡ್ ಮಾವ

ನಮ್ಮ ಮನೆಯಿಂದ ಯಾರೂ ಡಿಗ್ರಿ ಮುಗಿಸುವುದಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದವರು ನನ್ನ ದೊಡ್ಡಪ್ಪ. ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ಆರಿಸುವ ಕೆಲಸದಲ್ಲೇ ತಲೆ ನರೆತಿದ್ದ ಅವರ ಮಾತಿಗೆ ನಮ್ಮಲ್ಲಿ ತೂಕವಿತ್ತು. ನನ್ನ ಕೈಯಲ್ಲಿದ್ದ ಇಂಗ್ಲಿಷ್ ಕಾಮಿಕ್ಸ್ ನೋಡಿ, "ಈ ಗೊಂಬೆ ಪುಸ್ತಕ ನೋಡ್ಕೊಂಡು ಇವ್ಳು ಡಿಗ್ರಿ ಮಾಡೋದೂ ಒಂದೆ, ಒಣಗಿದ ಕೊಬ್ರಿ ತಿರುಗಾ ಮರ ಹತ್ತೋದೂ ಒಂದೆ" ಅಂದಿದ್ದರು. ಸಿಟ್ಟಿನಿಂದ ಹೇಳಿದ್ದಲ್ಲ. ಇವತ್ತು ಮಳೆ ಬರಲ್ಲ ಎನ್ನುವ ಹಾಗೆ, ಸಮಾಧಾನವಾಗಿ ಹೇಳಿದ್ದರು.

ಆ ಮಾತು, ಅದರ ಬೆನ್ನಿಗೇ ಇನ್ನೊಬ್ಬರ ಮುಖ, ಎರಡೂ ನೆನಪಾದದ್ದು ಮೊನ್ನೆ ಅರಸೀಕೆರೆಯ ಕೊರಿಯರ್ ಆಫೀಸಿನಲ್ಲಿ. ಪಾರ್ಸಲ್ಲಿನ ಅಂಚು ಹರಿದ ಕೂಡಲೇ ಹೊಸ ಕಾಮಿಕ್ಸಿನ ವಾಸನೆ ಮೂಗಿಗೆ ಬಡಿಯಿತು. ನುಣುಪು ಕಾಗದ, ಹಸಿ ಮಸಿ, ಸ್ವಲ್ಪ ಪೇಂಟಿನಂಥ ಘಾಟು... ನಾನು ಬಲ್ಲ ವಾಸನೆಯಲ್ಲಿ ಇವುಗಳ ಜೊತೆಗೆ ಹುರಿದ ಕಡಲೆಕಾಯಿಯದೂ ಸೇರಿರುತ್ತಿತ್ತು. ಅದೊಂದು ಇರಲಿಲ್ಲ.

ಬಂದದ್ದು ಗಾಜುಗೈಯ ಹೊಸ ಸಂಚಿಕೆ. ಅವಳಿಗೆ ಇಂಗ್ಲಿಷಿನಲ್ಲಿ ಬೇರೆ ಹೆಸರಿದೆ, ನನಗೆ ಮಾತ್ರ ಅವಳು ಎಂಟನೇ ಕ್ಲಾಸಿನಿಂದಲೂ ಗಾಜುಗೈಯೇ. ಮೊಣಕೈಯಿಂದ ಕೆಳಗೆ ಅವಳ ಬಲಗೈ ಪೂರ್ತಿ ಗಾಜು. ಒಂದು ಏಟು ಕೊಟ್ಟರೆ ಎಂಥ ದೈತ್ಯನೂ ಉರುಳುತ್ತಾನೆ, ಆದರೆ ಕೈಯೂ ಪುಡಿಪುಡಿಯಾಗುತ್ತದೆ. ಮತ್ತೆ ಬೆಳೆಯಲು ಒಂದು ತಿಂಗಳು ಬೇಕು. ಅಂದರೆ ತಿಂಗಳಿಗೊಮ್ಮೆ ಬರುವ ಸಂಚಿಕೆಗೆ ಒಂದೇ ಏಟು. ಆಕಾಶದಲ್ಲಿ ಹಾರುವವರು, ಕಣ್ಣಲ್ಲಿ ಬೆಂಕಿ ಕಾರುವವರು ಕಾಮಿಕ್ಸ್ ಲೋಕದಲ್ಲಿ ಬೇಕಾದಷ್ಟಿದ್ದಾರೆ. ಇರುವ ಒಂದು ಏಟನ್ನು ಯಾರಿಗೆ, ಯಾವ ಪುಟದಲ್ಲಿ ಕೊಡಬೇಕು ಎಂದು ಯೋಚಿಸಬೇಕಾದವಳು ಇವಳೊಬ್ಬಳೇ. ಅದಕ್ಕೇ ನನಗೆ ಇವಳೆಂದರೆ ಪ್ರಾಣ.

ಹೇಳಿಬಿಡುತ್ತೇನೆ, ಕಳೆದ ಒಂದು ವರ್ಷದಿಂದ ಈ ಸರಣಿಯ ಮೇಲೆ ನನಗೆ ಸಿಟ್ಟು ಬಂದಿತ್ತು. ಹೊಸ ಲೇಖಕ ಬಂದ. ಬಂದವನೇ ಒಂದೇ ಸಂಚಿಕೆಯಲ್ಲಿ ಅವಳ ಕೈಯಲ್ಲಿ ಮೂರು ಏಟು ಹೊಡೆಸಿದ. ಯಾವುದೋ ಔಷಧಿಯಂತೆ, ಕುಡಿದರೆ ಕೈ ಆಗಲೇ ಬೆಳೆಯುತ್ತದಂತೆ! ಹಾಗಾದರೆ ಇಷ್ಟು ವರ್ಷ ಅವಳು ಹಲ್ಲು ಕಚ್ಚಿ ಕಾದದ್ದು ಯಾಕೆ? ಆಮೇಲೆ ಅವಳನ್ನು ಸಾಯಿಸಿದ. ಒಂದೇ ಕತೆಗೆ ನಾಲ್ಕು ಬಗೆಯ ಮುಖಪುಟ ಹಾಕಿ ಮಾರಿದರು. ಎರಡೇ ತಿಂಗಳಿಗೆ ಬೇರೆ ಜಗತ್ತಿನಿಂದ ಇನ್ನೊಬ್ಬ ಗಾಜುಗೈ ಬಂದಳು. ಈಗೀಗ ಎಲ್ಲ ಸೂಪರ್‌ಹೀರೋಗಳಿಗೂ ಇದೇ ಕಾಯಿಲೆ. ಒಂದು ಜಗತ್ತಿನಲ್ಲಿ ಸತ್ತರೆ ಮತ್ತೊಂದರಿಂದ ತಂದು ನಿಲ್ಲಿಸುತ್ತಾರೆ, ಅಳಬೇಕೋ ಬೇಡವೋ ನಮಗೇ ತಿಳಿಯುವುದಿಲ್ಲ. ಒಂದು ಕತೆ ಅರ್ಥವಾಗಲು ಇನ್ನೂ ಆರು ಪುಸ್ತಕ ಕೊಳ್ಳಬೇಕು. ಬಣ್ಣವೋ, ಹೊಗೆ ಹಿಡಿದ ಪಾತ್ರೆಯ ತಳದ ಹಾಗೆ. ಯಾರು ಯಾರಿಗೆ ಹೊಡೆದರು ಎಂದು ತಿಳಿಯಲು ಕಿಟಕಿಯ ಹತ್ತಿರ ಹಿಡಿಯಬೇಕು.

ಆದರೆ ಈ ಸಂಚಿಕೆ... ಅಬ್ಬಾ. ಚಿತ್ರಕಾರರು ಬದಲಾಗಿದ್ದಾರೆ, ಬಣ್ಣ ಬೆಳಗಿನ ಬಿಸಿಲಿನ ಹಾಗಿದೆ. ಇಡೀ ಪುಸ್ತಕದಲ್ಲಿ ಒಂದೇ ಒಂದು ಮಾತಿನ ಗುಳ್ಳೆ ಇಲ್ಲ! ಗಾಜುಗೈ ಒಂದು ಬೀದಿಯಲ್ಲಿ ನಡೆಯುತ್ತಾಳೆ, ಅಷ್ಟೇ. ಪುಟದಿಂದ ಪುಟಕ್ಕೆ ಬೀದಿ ಕಡಿಯದೆ ಉದ್ದಕ್ಕೆ ಹರಿಯುತ್ತದೆ. ಕೈ ಪೂರ್ತಿ ಬೆಳೆದಿದೆ. ಪ್ರತಿ ತಿರುವಿನಲ್ಲೂ ಹೊಡೆಯಬೇಕಾದವನು ಒಬ್ಬ ಸಿಗುತ್ತಾನೆ, ಪ್ರತಿ ಸಲವೂ ಇವಳು ಕೈ ಎತ್ತುತ್ತಾಳೆ, ಇಳಿಸುತ್ತಾಳೆ. ಕೊನೆಯವರೆಗೂ ಹೊಡೆಯುವುದಿಲ್ಲ. ಅರಸೀಕೆರೆಯಲ್ಲಿ ಹತ್ತಿದ ರೈಲು ಬಾಣಾವರಕ್ಕೆ ಬಂದು ನಿಂತದ್ದೇ ಗೊತ್ತಾಗಲಿಲ್ಲ. ಪಕ್ಕದ ಹೆಂಗಸು, "ಟೀಚರಮ್ಮ, ಇಳಿಯಲ್ವಾ?" ಎಂದು ಭುಜ ತಟ್ಟಿದರು.

ಇಳಿದು ಸ್ಕೂಲಿನ ಕಡೆ ನಡೆಯುವಾಗ ನನಗೇ ಗೊತ್ತಿಲ್ಲದೆ ಆ ಚಿತ್ರಗಳಿಗೆ ಮನಸ್ಸಿನಲ್ಲೇ ಇಂಗ್ಲಿಷ್ ಮಾತು ತುಂಬುತ್ತಿದ್ದೆ. ಅದು ಹಳೆಯ ಅಭ್ಯಾಸ. ಕಲಿಸಿದವರಿಗೆ ಇಂಗ್ಲಿಷಿನ ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ.

ಹಳೇಬೀಡಿನ ದೇವಸ್ಥಾನದ ಗೇಟಿನ ಹತ್ತಿರ ನನ್ನ ಅವ್ವ ಕಡಲೆಕಾಯಿ, ಸೌತೆಕಾಯಿ ಮಾರುತ್ತಾಳೆ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಹೋದರು. ಶಾಲೆ ಬಿಟ್ಟ ಮೇಲೆ ನಾನೂ ಅಲ್ಲೇ ಇರುತ್ತಿದ್ದೆ. ನಮ್ಮ ಗಾಡಿಯ ಪಕ್ಕದ ಕಲ್ಲಿನ ಮೇಲೆ ಗಿರಾಕಿಗಾಗಿ ಕಾಯುತ್ತಾ ಕೂರುತ್ತಿದ್ದವರು ಗೈಡ್ ಮಾವ. ನೆಂಟರಲ್ಲ, ಅವ್ವ ಅವರನ್ನು ಅಣ್ಣ ಎನ್ನುತ್ತಿದ್ದಳು, ಆದ್ದರಿಂದ ನನಗೆ ಮಾವ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರು. ಆದರೂ ಪ್ರವಾಸಿಗಳ ಮಾತು ಕೇಳಿ ಕೇಳಿ ಐದು ಭಾಷೆಯಲ್ಲಿ ದೇವಸ್ಥಾನ ತೋರಿಸುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಬಾಚಣಿಗೆ, ಕೈಯಲ್ಲಿ ಒಂದು ಬಿದಿರು ಕಡ್ಡಿ. ಕಡ್ಡಿ ಎಂದೂ ಕಲ್ಲಿಗೆ ತಾಗುತ್ತಿರಲಿಲ್ಲ.

ಗೋಡೆಯ ಕೆಳಗಿನ ಸಾಲಿನಲ್ಲಿ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ. ಇನ್ನೂ ಮೇಲೆ, ನಿಂತವರ ಕಣ್ಣಿಗೆ ಹತ್ತಿರದಲ್ಲಿ, ಪುರಾಣದ ಕತೆಗಳ ಸಾಲು. ಜನ ಸುಮ್ಮನೆ ನಿಂತು ನೋಡಿದರೆ ಅವರಿಗೆ ಸಿಟ್ಟು. ಕತೆ ಬೇಕಾದರೆ ನಡೆಯಬೇಕು, ಅದೂ ಪ್ರದಕ್ಷಿಣೆಯಾಗಿ, ಎನ್ನುತ್ತಿದ್ದರು. ಪ್ರದಕ್ಷಿಣೆ ಬರುವಾಗ ಗುಡಿ ನಮ್ಮ ಬಲಕ್ಕಿರುತ್ತದೆ. ಗೋಡೆಗೆ ಮುಖ ಮಾಡಿ ನಿಂತರೆ ನಾವು ಸರಿಯುವುದು ಎಡಕ್ಕೆ. ಅಂದರೆ ಆ ಕಲ್ಲಿನ ಕತೆಗಳು ಬಲದಿಂದ ಎಡಕ್ಕೆ ಸಾಗುತ್ತವೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ನನಗೂ ಗೊತ್ತಾದದ್ದು ತಡವಾಗಿ, ಒಂದು ಪೇಚಿನ ಮೂಲಕ.

ಕಡಲೆಕಾಯಿ ಪೊಟ್ಟಣಕ್ಕೆಂದು ಅವ್ವ ಅರಸೀಕೆರೆಯಿಂದ ಹಳೆ ಪೇಪರಿನ ಕಟ್ಟು ತರಿಸುತ್ತಿದ್ದಳು. ಅದರಲ್ಲಿ ಒಮ್ಮೊಮ್ಮೆ ಇಂಗ್ಲಿಷ್ ಕಾಮಿಕ್ಸ್ ಬರುತ್ತಿದ್ದವು. ನುಣುಪು ಕಾಗದ ಪೊಟ್ಟಣಕ್ಕೆ ನಿಲ್ಲುವುದಿಲ್ಲ, ಸುತ್ತಿದರೆ ಬಿಚ್ಚಿಕೊಳ್ಳುತ್ತದೆ. ಅವ್ವ ಬೈದುಕೊಂಡು ಅವನ್ನು ಪಕ್ಕಕ್ಕೆ ಎಸೆಯುತ್ತಿದ್ದಳು, ಗೈಡ್ ಮಾವ ಎತ್ತಿಕೊಳ್ಳುತ್ತಿದ್ದರು. ಹಾಗೆ ಒಂದು ಮಧ್ಯಾಹ್ನ ನಮಗೆ ಗಾಜುಗೈ ಸಿಕ್ಕಿದಳು. ಹೆಸರಿಟ್ಟವರೂ ಅವರೇ. ಪುಸ್ತಕ ಬಿಡಿಸಿಕೊಂಡು, ಬಿದಿರು ಕಡ್ಡಿಯಿಂದ ತೋರಿಸುತ್ತಾ, ಥೇಟ್ ದೇವಸ್ಥಾನ ತೋರಿಸುವ ಧಾಟಿಯಲ್ಲಿ ನನಗೆ ಕತೆ ಹೇಳಿದರು. ಒಬ್ಬ ದೈತ್ಯ ನೆಲಕ್ಕೆ ಬಿದ್ದಿದ್ದಾನೆ. ಗಾಳಿಯಲ್ಲಿ ಗಾಜಿನ ಚೂರುಗಳು ತೇಲುತ್ತಿವೆ. ಅವೆಲ್ಲ ಬಂದು ಬಂದು ಹುಡುಗಿಯ ಕೈಗೆ ಕೂಡಿಕೊಳ್ಳುತ್ತವೆ. ಕೈ ಪೂರ್ತಿಯಾದ ಕೂಡಲೇ ದೈತ್ಯ ಎದ್ದು ನಿಲ್ಲುತ್ತಾನೆ.

"ಇವ್ಳು ಹೊಡಿಯೋಳಲ್ಲ ಕಣವ್ವ," ಅಂದರು, "ಬಿದ್ದೋರ್ನ ಎಬ್ಬಿಸೋಳು."

ಎರಡು ವರ್ಷ ನಾನು ಅದನ್ನೇ ನಂಬಿದ್ದೆ. ಹತ್ತನೇ ಕ್ಲಾಸಿನಲ್ಲಿ, ನಿಮಗೆ ಇಷ್ಟವಾದ ಕತೆ ಹೇಳಿ ಎಂದು ಟೀಚರ್ ಕೇಳಿದಾಗ ಎದ್ದು ನಿಂತು ಗಾಜುಗೈಯ ಕತೆ ಹೇಳಿದೆ. ಪುಸ್ತಕವನ್ನೂ ತೋರಿಸಿದೆ. ಹಿಂದಿನ ಬೆಂಚಿನವಳು ಅದನ್ನು ಕಿತ್ತುಕೊಂಡು ನೋಡಿ, ಇವಳು ಕತೆಯನ್ನು ಹಿಂದುಮುಂದಾಗಿ ಓದಿದ್ದಾಳೆ ಎಂದು ಕೂಗಿದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮೊದಲು ಕೈ, ಆಮೇಲೆ ಏಟು, ಆಮೇಲೆ ಚೂರು, ಕೊನೆಗೆ ಬೀಳುವ ದೈತ್ಯ... ನಾನು ಅಳುತ್ತಾ ಗೇಟಿಗೆ ಬಂದು, ನೀವು ಎರಡು ವರ್ಷ ಉಲ್ಟಾ ಓದಿದ್ದೀರಿ ಮಾವ, ಎಂದು ಜಗಳ ತೆಗೆದೆ. ಅವರು ಪುಸ್ತಕವನ್ನು ಮಂಡಿಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ನಲವತ್ತು ವರ್ಷ ಕಲ್ಲಿನ ಮುಂದೆ ನಡೆದ ಮನುಷ್ಯ, ಕಣ್ಣು ಅಭ್ಯಾಸದಂತೆ ಬಲದಿಂದ ಹೊರಡುತ್ತಿತ್ತು. ಕಿವಿಯ ತನಕ ಕೆಂಪಾದರು. ಆಮೇಲೆ ಕೇಳಿದ್ದು ಇಷ್ಟೇ: ಈ ಗುಳ್ಳೆಗಳಲ್ಲಿ ಏನು ಬರೆದಿದೆ, ಓದಿ ಹೇಳು.

ನನಗೆ ಬರಲಿಲ್ಲ. ಅವರನ್ನು ಉಲ್ಟಾ ಎಂದವಳಿಗೆ ಎರಡು ಸಾಲು ಇಂಗ್ಲಿಷ್ ಅರ್ಥವಾಗಲಿಲ್ಲ.

ಆ ಬಾರದ ಇಂಗ್ಲಿಷೇ ಮುಂದೆ ನನ್ನನ್ನು ಕೆಡವಿತು. ಹತ್ತನೇ ಕ್ಲಾಸು ಹೇಗೋ ದಾಟಿದೆ. ಎರಡನೇ ಪಿಯುಸಿಯಲ್ಲಿ ಎಲ್ಲ ಪಾಸು, ಇಂಗ್ಲಿಷ್ ಫೇಲು. ದೊಡ್ಡಪ್ಪ ಆ ಕೊಬ್ಬರಿಯ ಮಾತು ಆಡಿದ್ದು ಫಲಿತಾಂಶ ಬಂದ ಆ ಸಂಜೆಯೇ. ಮಂಡಿಯಲ್ಲಿ ನನಗೂ ಒಂದು ಕೆಲಸ ನೋಡಿಟ್ಟಿದ್ದರು. ಅವ್ವ ಅವರಿಗೆ ಎದುರಾಡಿದವಳಲ್ಲ. ಆದರೂ ಅವತ್ತು, ಪೂರಕ ಪರೀಕ್ಷೆ ಒಂದು ಬರೀಲಿ, ಅದರಲ್ಲೂ ಹೋದರೆ ನಾನೇ ಕರೆತಂದು ಬಿಡುತ್ತೇನೆ, ಎಂದಳು. ಉಳಿದಿದ್ದದ್ದು ಆರು ವಾರ. ಪಾಸಾದರೆ ಬೇಲೂರಿನ ಕಾಲೇಜು, ಇಲ್ಲದಿದ್ದರೆ ಅರಸೀಕೆರೆಯ ಕೊಬ್ಬರಿ ರಾಶಿ.

ಮಾರನೆಯ ದಿನ ಗೈಡ್ ಮಾವ ಒಂದು ಡಬ್ಬಿಯಲ್ಲಿ ಮೈದಾ ಅಂಟು ಕಲಸಿಕೊಂಡು ಬಂದರು. ನಮ್ಮ ಹತ್ತಿರ ಸೇರಿದ್ದ ಕಾಮಿಕ್ಸುಗಳನ್ನೆಲ್ಲ ಹರಡಿ, ಬಿಳಿ ಕಾಗದವನ್ನು ಮೊಟ್ಟೆಯಾಕಾರಕ್ಕೆ ಕತ್ತರಿಸಿ, ಒಂದೊಂದು ಗುಳ್ಳೆಯ ಮೇಲೂ ಅಂಟಿಸಿದರು. ಮಾತೆಲ್ಲ ಮುಚ್ಚಿಹೋಯಿತು. ಉಳಿದದ್ದು ಬರೀ ಚಿತ್ರ. ಈಗ ನೀನು ಮಾತು ಬರಿ, ಇಂಗ್ಲಿಷಿನಲ್ಲಿ, ಎಂದರು. ಸರಿಯೋ ತಪ್ಪೋ ನೋಡುವವರು ಯಾರು ಎಂದು ಕೇಳಿದೆ. ಅವರು ತಮ್ಮ ಕಿವಿ ಮುಟ್ಟಿ ತೋರಿಸಿದರು. ಬರೆದದ್ದನ್ನು ನಾನು ಗಟ್ಟಿಯಾಗಿ ಓದಬೇಕು. ಅವರಿಗೆ ತಿಳಿದರೆ ಪಾಸು, ತಿಳಿಯದಿದ್ದರೆ ಕಾಗದ ಕಿತ್ತು ಇನ್ನೊಂದು ಅಂಟಿಸುತ್ತಾರೆ. ಓದಲು ಬಾರದ ಮನುಷ್ಯ, ಆದರೆ ದೇಶ ದೇಶದವರ ಇಂಗ್ಲಿಷ್ ಕೇಳಿ ಹಣ್ಣಾದ ಕಿವಿ ಅದು.

ಮೊದಲನೆಯದು ನನಗೆ ಇನ್ನೂ ನೆನಪಿದೆ. ಗಾಜುಗೈ ಮಾಳಿಗೆಯ ತುದಿಯಲ್ಲಿ ಕಳ್ಳನೊಬ್ಬನಿಗೆ ಎದುರಾಗಿದ್ದಾಳೆ. ನಾನು ಪರೀಕ್ಷೆಯ ಗೈಡಿನಲ್ಲಿ ಉರು ಹೊಡೆದದ್ದನ್ನೆಲ್ಲ ಸುರಿದು, ಸರ್, ನಿಮ್ಮ ಈ ನಡವಳಿಕೆಯಿಂದ ನನಗೆ ಬಹಳ ಕೋಪ ಬಂದಿದೆ ಎಂದು ನಾಲ್ಕು ಸಾಲಿನ ಇಂಗ್ಲಿಷ್ ಬರೆದಿದ್ದೆ. ಓದಿದೆ. ಮಾವ ಕಣ್ಣು ಕಿರಿದು ಮಾಡಿ ಕೇಳಿದರು.

"ಕಳ್ಳಂಗೆ ಸಾರ್ ಅಂತಾಳೇನವ್ವ? ಕೈ ಒಡ್ಕೊಳ್ಳೋಕೆ ನಿಂತೋಳು ಅಷ್ಟುದ್ದ ಮಾತಾಡ್ತಾಳಾ? ಅಷ್ಟೊತ್ತಿಗೆ ಅವ್ನು ಬಸ್ ಹತ್ತಿ ಹಾಸನ ಸೇರ್ಕಂಡಿರ್ತಾನೆ."

ಕಿತ್ತರು, ಅಂಟಿಸಿದರು. ಆರನೆಯ ಕಾಗದಕ್ಕೆ ನಾನು ಎರಡೇ ಪದ ಬರೆದೆ: 'ಗೋ ಹೋಮ್.' ಅವರು ಹಿಂದಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೇಟಿನಲ್ಲಿದ್ದ ಪ್ರವಾಸಿಗಳು ತಿರುಗಿ ನೋಡಿದರು. ನನಗಂತೂ ರ‍್ಯಾಂಕು ಬಂದಷ್ಟು ಖುಷಿ!

ಆಮೇಲೆ ಆಟವೇ ಬೇರೆಯಾಯಿತು. ಒಂದೊಂದು ಪುಟಕ್ಕೂ ಎರಡು ಸಲ ಬರೆಯಬೇಕು ಎಂದರು. ಒಂದು ಸಲ ಪುಸ್ತಕದ ದಾರಿಯಲ್ಲಿ, ಎಡದಿಂದ. ಇನ್ನೊಂದು ಸಲ ಕಲ್ಲಿನ ದಾರಿಯಲ್ಲಿ, ಬಲದಿಂದ. ಚಿತ್ರ ಅವೇ, ಕತೆ ಬೇರೆ, ಆದ್ದರಿಂದ ಮಾತೂ ಬೇರೆ. ಎಡದಿಂದ ಬಂದರೆ ಹೊಡೆಯುವವಳ ಮಾತು, ಬಲದಿಂದ ಬಂದರೆ ಎಬ್ಬಿಸುವವಳ ಮಾತು. ಒಂದೇ ಕೈಗೆ ಒಮ್ಮೆ ಸಿಟ್ಟಿನ ಇಂಗ್ಲಿಷ್, ಒಮ್ಮೆ ಅಕ್ಕರೆಯ ಇಂಗ್ಲಿಷ್. ಭೂತಕಾಲ, ವರ್ತಮಾನ, ಪ್ರಶ್ನೆ, ಆಜ್ಞೆ ಎಲ್ಲ ಅಲ್ಲೇ, ಕಡಲೆಕಾಯಿ ಸಿಪ್ಪೆಯ ನಡುವೆ ಕೂತು ಕಲಿತೆ. ಅವ್ವ ಬೈಯುತ್ತಿದ್ದಳು, ರೊಟ್ಟಿಗಿಲ್ಲದ ಮೈದಾ ಗೊಂಬೆ ಬಾಯಿ ಮುಚ್ಚೋಕೆ ಹೋಗ್ತೈತೆ ಎಂದು. ಆದರೂ ಡಬ್ಬಿಗೆ ಮೈದಾ ಹಾಕುತ್ತಿದ್ದವಳು ಅವಳೇ ಎಂದು ಮಾವ ಆಮೇಲೆ ಹೇಳಿದರು.

ಪರೀಕ್ಷೆಯ ಪತ್ರಿಕೆಯಲ್ಲಿ, ಇಬ್ಬರ ನಡುವಿನ ಸಂಭಾಷಣೆ ಬರೆಯಿರಿ ಎಂಬ ಪ್ರಶ್ನೆಯಿತ್ತು. ಬ್ಯಾಂಕಿನವರು ಮತ್ತು ಗಿರಾಕಿ. ನಾನು ಉತ್ತರ ಪತ್ರಿಕೆಯಲ್ಲಿ ಪೆನ್ಸಿಲಿನಿಂದ ಸಣ್ಣಗೆ ಆರು ಚೌಕ ಎಳೆದುಕೊಂಡೆ, ಗಿರಾಕಿಯನ್ನು ಮಾಳಿಗೆಯ ತುದಿಯಲ್ಲಿ ನಿಲ್ಲಿಸಿದೆ, ಬರೆದೆ, ಚೌಕ ಅಳಿಸಿದೆ. ಪಾಸಿಗೆ ಬೇಕಾದದ್ದಕ್ಕಿಂತ ಚೆನ್ನಾಗಿಯೇ ಬಂತು. ಸುದ್ದಿ ಹೇಳಲು ಓಡಿದಾಗ ಮಾವ ಗುಡಿಯ ಹಿಂಭಾಗದಲ್ಲಿ ಒಂದು ತಂಡಕ್ಕೆ ಕುದುರೆ ಸಾಲು ತೋರಿಸುತ್ತಿದ್ದರು. ಅಲ್ಲೇ ನಿಲ್ಲಿಸಿ, ಆ ಅಪರಿಚಿತರಿಗೆಲ್ಲ ಐದೂ ಭಾಷೆಯಲ್ಲಿ ನಾನು ಪಾಸಾದದ್ದನ್ನು ಹೇಳಿದರು. ಯಾರೋ ಚಪ್ಪಾಳೆ ತಟ್ಟಿದರು.

ಬೇಲೂರಿಗೆ ಬಸ್ಸಿನಲ್ಲಿ ಹೋಗಿ ಬಂದು ಬಿ.ಎ. ಓದಿದೆ. ಎರಡನೆಯ ವರ್ಷದಲ್ಲಿ ಮಾವನ ಕಣ್ಣು ಮಂಜಾಯಿತು. ಯಾರಿಗೂ ಹೇಳಲಿಲ್ಲ. ಹೆಜ್ಜೆ ಎಣಿಸಿಕೊಂಡೇ ತೋರಿಸುತ್ತಿದ್ದರು. ಇಷ್ಟು ಹೆಜ್ಜೆಗೆ ಯುದ್ಧ, ಇಷ್ಟು ಹೆಜ್ಜೆಗೆ ನಾಟ್ಯ. ಒಂದು ದಿನ ಜನ ಗೋಡೆಯ ಹತ್ತಿರ ಹೋಗದಂತೆ ಕಾವಲಿನವರು ಹಗ್ಗ ಕಟ್ಟಿದ್ದರು, ನಡೆಯುವ ದಾರಿ ಹೊರಕ್ಕೆ ಸರಿದಿತ್ತು, ಲೆಕ್ಕ ತಪ್ಪಿತು. ಕುಣಿಯುವ ಹೆಣ್ಣುಗಳ ಮುಂದೆ ನಿಂತು ಬಾಣಗಳ ಮಳೆಯ ಕತೆ ಹೇಳಿದರು. ಬಂದವರು ತಲೆಯಾಡಿಸಿ ಕೇಳಿದರು, ಫೋಟೋ ತೆಗೆದುಕೊಂಡರು. ನಾನು ಹಿಂದೆಯೇ ಇದ್ದೆ, ಸುಮ್ಮನಿದ್ದೆ. ಆದರೆ ನನ್ನ ಸುಮ್ಮನಿರುವಿಕೆಯೇ ಅವರಿಗೆ ಕೇಳಿಸಿತು. ಮಾರನೆಯ ದಿನದಿಂದ ಗೇಟಿಗೆ ಬರಲಿಲ್ಲ.

ಆಮೇಲೆ ಭಾನುವಾರಗಳಲ್ಲಿ ನಾನೇ ಅವರ ಮನೆಗೆ ಹೋಗುತ್ತಿದ್ದೆ. ಬೇಲೂರಿನ ಗೆಳತಿಯ ಮೊಬೈಲಿನಲ್ಲಿ ನೋಡಿ ಬಂದ ಹೊಸ ಸಂಚಿಕೆಗಳನ್ನು ಚೌಕ ಚೌಕವಾಗಿ ಹೇಳುತ್ತಿದ್ದೆ. ಅವರು ಜಗುಲಿಯಲ್ಲಿ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದರು. ಎಷ್ಟು ವಾದ ಮಾಡುತ್ತಿದ್ದೆವು! ಗಾಜುಗೈಗೆ ಲೋಹದ ಕವಚ ತೊಡಿಸಿದಾಗ, ಅವಳ ಶಕ್ತಿ ಇರುವುದೇ ಒಡೆಯುವುದರಲ್ಲಿ, ಕವಚ ಯಾಕೆ ಎಂದು ಒಂದು ವಾರ ಗೊಣಗಿದರು. ನನ್ನ ಈಗಿನ ಅಭಿಪ್ರಾಯಗಳಲ್ಲಿ ಅರ್ಧ ಅವರದೇ ಇರಬೇಕು...

ನಾನು ಕೊನೆಯ ವರ್ಷದಲ್ಲಿದ್ದಾಗ, ಒಂದು ಬುಧವಾರ, ಬೇಲೂರಿನ ಬಸ್ಸಿನಿಂದ ಇಳಿಯುತ್ತಿದ್ದಂತೆ ಅವ್ವ ಎದುರಿಗೆ ಬಂದಳು. ಗಾಡಿ ಬಿಟ್ಟು ಎಂದೂ ಬಸ್ ಸ್ಟ್ಯಾಂಡಿಗೆ ಬಂದವಳಲ್ಲ. ಅವಳು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು. ಮಾವ ಬೆಳಿಗ್ಗೆ ಹೋಗಿದ್ದರು, ನಿದ್ದೆಯಲ್ಲೇ. ಆ ಭಾನುವಾರ ಹೇಳಬೇಕೆಂದು ಒಂದು ಸಂಚಿಕೆಯನ್ನು ಪೂರ್ತಿ ನೆನಪಿಟ್ಟುಕೊಂಡಿದ್ದೆ. ಎಷ್ಟೋ ದಿನ ಅದು ತಲೆಯಲ್ಲಿ ಹಾಗೇ ಕೂತಿತ್ತು.

ಮೊನ್ನೆಯ ಸಂಚಿಕೆ ನೋಡಿದಾಗ ಖುಷಿಯ ಜೊತೆಗೇ ಮಾವ ನೆನಪಾದದ್ದು ಇದಕ್ಕೇ. ಒಂದೂ ಮಾತಿಲ್ಲದ ಪುಸ್ತಕ. ನಾನು ಬೇಕಾಗಿಲ್ಲ, ಇಂಗ್ಲಿಷ್ ಬೇಕಾಗಿಲ್ಲ, ಗೈಡ್ ಮಾವ ಒಬ್ಬರೇ ಕಲ್ಲಿನ ಮೇಲೆ ಕೂತು ಮೊದಲಿನಿಂದ ಕೊನೆಯವರೆಗೆ ಓದಬಹುದಾಗಿದ್ದ ಪುಸ್ತಕ. ಇಷ್ಟು ತಡವಾಗಿ ಬಂತು.

ಈಗ ಬಾಣಾವರದ ಒಂದು ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಅಂಕಪಟ್ಟಿಯಲ್ಲೇ ಕೆಲಸ ಸಾಗುತ್ತಿತ್ತು, ಪದವಿಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದನ್ನು ನಾನೇ ಮುಂದೂಡುತ್ತಾ ಬಂದಿದ್ದೆ. ಅದೂ ಕಳೆದ ವಾರ ಕೈಗೆ ಬಂತು. ಗಟ್ಟಿ ಕಾಗದ, ಮೇಲೆ ಮುದ್ರೆ, ಕನ್ನಡದಲ್ಲಿ ನನ್ನ ಹೆಸರು, ಅದರ ಕೆಳಗೆ ಇಂಗ್ಲಿಷಿನಲ್ಲೂ ನನ್ನ ಹೆಸರು. ನಮ್ಮ ಮನೆತನದಲ್ಲಿ ಇಂಥದ್ದು ಇದು ಮೊದಲನೆಯದು. ಹೆಮ್ಮೆಯಾಗಿದೆ, ಮುಚ್ಚಿಡುವುದಿಲ್ಲ. ಭಾನುವಾರ ಅರಸೀಕೆರೆಯಿಂದ ಹಾರನಹಳ್ಳಿಯ ಮೇಲೆ ಹೋಗುವ ಬಸ್ ಹಿಡಿದು ಹಳೇಬೀಡಿಗೆ ಹೊರಟೆ. ಮಡಿಚಿಕೊಳ್ಳಬಾರದೆಂದು ದಾರಿಯುದ್ದಕ್ಕೂ ಅದನ್ನು ಎದೆಗೆ ಒತ್ತಿ ಹಿಡಿದಿದ್ದೆ.

ಅವ್ವ ಗೇಟಿನ ಹತ್ತಿರ ಸೌತೆಕಾಯಿ ಸೀಳಿ ಉಪ್ಪುಖಾರ ಸವರುತ್ತಿದ್ದಳು. ಗಿರಾಕಿಗಳನ್ನು ಕಳಿಸಿ, ಬಿಂದಿಗೆಯ ನೀರಿನಲ್ಲಿ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಎರಡೂ ಕೈ ಚಾಚಿದಳು. ಕೊಟ್ಟೆ. ಮೇಲಿನಿಂದ ಕೆಳಗಿನವರೆಗೆ ನೋಡಿದಳು, ಮುದ್ರೆಯ ಮೇಲೆ ಬೆರಳಾಡಿಸಿದಳು. ಪಕ್ಕದಲ್ಲಿ ಖಾಲಿಯಾಗಿದ್ದ ಕಲ್ಲಿನ ಕಡೆಗೆ ನಾವಿಬ್ಬರೂ ನೋಡಲಿಲ್ಲ. ಅವಳು ಕಾಗದವನ್ನು ನನ್ನ ಕೈಗೇ ತಿರುಗಿ ಇಟ್ಟಳು.

"ಮೊದ್ಲು ಅವ್ರ ಮನೆಗೆ ಹೋಗಿ ತೋರ್ಸಿ ಬಾ," ಅಂದಳು. "ಅವ್ರಿಲ್ಲ, ಗೊತ್ತು ಕಣೇ. ಬಾಗ್ಲು ಐತಲ್ಲ."